ಊಟದ ಕಲ್ಲಿನ ಮೇಲಿನ ಕೊಂಬೆ

ನಮ್ಮೂರಲ್ಲಿ ಸೌದೆ ಕೊಳ್ಳಲು ಹೋದವರು ಮೊದಲು ರೇಟು ಕೇಳುವುದಿಲ್ಲ, ಮರ ಎಲ್ಲಿ ನಿಂತಿತ್ತು ಎಂದು ಕೇಳುತ್ತಾರೆ. ನಾನು ಚಿಕ್ಕವಳಿದ್ದಾಗ ಡಿಪೋ ಕೊಟ್ರಪ್ಪ ಒಂದೊಂದು ರಾಶಿಗೂ ತಗಡಿನ ಚೂರು ಸಿಕ್ಕಿಸಿ ಸುಣ್ಣದಲ್ಲಿ ಬರೆದಿಡುತ್ತಿದ್ದ: ಶಾಲೆ ಮರ, ಬಸ್‌ಸ್ಟ್ಯಾಂಡ್ ಮರ, ಕೋರ್ಟ್ ಮರ, ಕಾಡು ಮರ. ಮರ ಉರಿಯುವಾಗ ತಾನು ನಿಂತಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಹೇಳುತ್ತದೆ. ಒಂದೇ ಸಲ ಹೇಳುತ್ತದೆ, ಹೇಳಿ ಬೂದಿಯಾಗುತ್ತದೆ. ಅದಕ್ಕೇ ಒಂದೇ ಜಾತಿಯ, ಒಂದೇ ತೂಕದ ಎರಡು ಕೊರಡುಗಳಿಗೆ ನಮ್ಮಲ್ಲಿ ಎರಡು ರೇಟು. ಶಾಲೆ ಮರ ಅಗ್ಗ, ಪರೀಕ್ಷೆಯ ತಿಂಗಳಲ್ಲಿ ಮಾತ್ರ ಏರುತ್ತಿತ್ತು. ಆ ಸೌದೆಯ ಮುಂದೆ ಮುದ್ದೆ ತಿರುವಿ ತಿರುವಿ, ಓದು ಬಾರದ ಹೆಂಗಸರಿಗೂ ಹದಿಮೂರರ ಮಗ್ಗಿ ಬಾಯಿಪಾಠವಾಗಿತ್ತು. ಬಸ್‌ಸ್ಟ್ಯಾಂಡ್ ಮರ ಅದಕ್ಕಿಂತಲೂ ಅಗ್ಗ, ಆದರೆ ಒಲೆಗಿಡುವ ಮೊದಲು ಮಕ್ಕಳನ್ನು ಹೊರಗೆ ಆಡಲು ಕಳಿಸಬೇಕು, ಅಂಥ ಬೈಗುಳ. ಕೋರ್ಟ್ ಮರದಲ್ಲಿ ಅನ್ನ ಬೆಂದರೂ ವಾಯಿದೆ ಮುಗಿಯುತ್ತಿರಲಿಲ್ಲ. ಕಾಡು ಮರ ಎಲ್ಲಕ್ಕಿಂತ ದುಬಾರಿ. ಅದರಲ್ಲಿ ಹಕ್ಕಿ, ಗಾಳಿ, ಎಲ್ಲೋ ಒಂದು ಕಡೆ ಒಣಗಿದೆಲೆ ಮೇಲೆ ಜಿಂಕೆ ಕಾಲಿಟ್ಟ ಸದ್ದು. ರೈಸ್‌ಮಿಲ್ಲಿನ ಸಾಹುಕಾರರ ಮನೆಗೆ ಗಾಡಿಗಟ್ಟಲೆ ಅದೇ ಹೋಗುತ್ತಿತ್ತು. ಆಸ್ಪತ್ರೆ ಅಂಗಳದ ಬೇವನ್ನು ಮಾತ್ರ ಯಾರೂ ಮನೆಯೊಳಕ್ಕೆ ತರುತ್ತಿರಲಿಲ್ಲ. ಊರ ಹೊರಗಿನ ಇಟ್ಟಿಗೆ ಭಟ್ಟಿಯವರು ಕಿವಿಗೆ ಹತ್ತಿ ತುರುಕಿಕೊಂಡು ಸುಡುತ್ತಿದ್ದರು.

ಸೌದೆ ಬೇಡವೆಂದರೆ ಬೇರೆಯವು ಇದ್ದವು, ಒಂದೊಂದಕ್ಕೂ ಅದರದೇ ಖರ್ಚು. ಇದ್ದಿಲು ಒಮ್ಮೆ ಉರಿದು ಹೇಳಿ ಮುಗಿಸಿದ್ದನ್ನೇ ಇನ್ನೊಮ್ಮೆ ಹೇಳುವಂಥದ್ದು, ಅದರಲ್ಲಿ ಮಾತಿನ ಬಾಲ ಮಾತ್ರ ಉಳಿದಿರುತ್ತಿತ್ತು. ನಮ್ಮ ಬೀದಿಯ ಇಸ್ತ್ರಿ ಅಂಗಡಿ ದಿನವಿಡೀ "ಅಂತ ಹೇಳಿದ್ದೆ", "ಬರಲೇ ಇಲ್ಲ", "ಇರಲಿ ಬಿಡು" ಎನ್ನುತ್ತಾ ಅಂಗಿಗಳ ಸುಕ್ಕು ತೆಗೆಯುತ್ತಿತ್ತು. ಬೆರಣಿ ಮೆಲುಕು ಹಾಕುತ್ತಿತ್ತು. ಕರಟಕ್ಕೆ ನೆಲದ ಮೇಲಿನ ಮಾತು ಮುಟ್ಟಿರುವುದಿಲ್ಲ, ಬರೀ ಕಾಗೆ. ಸೀಮೆಎಣ್ಣೆಯದು ನೀರೊಳಗೆ ಮುಳುಗಿ ಮಾತಾಡಿದಂಥ ಗುಳುಗುಳು, ಅರ್ಥವಾಗದೆ ತಲೆನೋವು ಬರುತ್ತಿತ್ತು. ಕಲ್ಲಿದ್ದಲು ಮೊದಲ ಸಲ ಬಂದ ವರ್ಷ ಊರೆಲ್ಲ ಮಳೆಯ ಸದ್ದು, ನಾವು ಯಾರೂ ಕಂಡಿರದಷ್ಟು ಅಗಲದ ಎಲೆಗಳ ಮೇಲೆ ಬೀಳುವ ಮಳೆ. ಹೊರಗೆ ಒಣಹಾಕಿದ ಬಟ್ಟೆ ತರಲು ಹೆಂಗಸರು ಬಿಸಿಲಿಗೆ ಓಡಿದ್ದರಂತೆ. ಶೇಂಗಾ ಸಿಪ್ಪೆ ನೆಲದೊಳಗೆ ಬೆಳೆದದ್ದು, ಅದಕ್ಕೆ ಏನೂ ಕೇಳಿಸಿರುವುದಿಲ್ಲ, ಸುಮ್ಮನೆ ಉರಿಯುತ್ತದೆ. ಹೆಣ್ಣು ನೋಡಲು ಬಂದಾಗ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಜನ ಹುಡುಕಿ ತರುತ್ತಿದ್ದದ್ದು ಅದನ್ನೇ. ಹಾಗಾಗಿ ಭತ್ತದ ಹೊಟ್ಟಿನ ಮೂರರಷ್ಟು ಬೆಲೆ. ಬಾಯಿ ಬಿಡದವರನ್ನು ನಮ್ಮೂರಲ್ಲಿ ಇವತ್ತಿಗೂ ಶೇಂಗಾಸಿಪ್ಪೆ ಎನ್ನುತ್ತಾರೆ. ನಮ್ಮವ್ವ ಮಾಬವ್ವನಿಗೆ ಬೀದಿಯವರು ಇಟ್ಟ ಹೆಸರೂ ಅದೇ.

ನಮ್ಮದು ಮಂಡಕ್ಕಿ ಭಟ್ಟಿ. ಮರಳು ಕಾದು, ಉಪ್ಪುನೀರು ಕುಡಿದ ಅಕ್ಕಿ ಅದರಲ್ಲಿ ಬಿದ್ದು ಒಂದೇ ಉಸಿರಿಗೆ ಅರಳಬೇಕಾದರೆ ಬೆಂಕಿ ಬೆಳಗಿನಿಂದ ಒಂದೇ ಸಮ ಇರಬೇಕು. ಬೇರೆ ಮನೆಗಳಲ್ಲಿ ಉರುವಲು ಅಡಿಗೆಯ ಚಿಂತೆ, ನಮ್ಮಲ್ಲಿ ಅದು ಸಂಸಾರದ ಚಿಂತೆ. ನಾವು ಹಾಕುವುದು ಭತ್ತದ ಹೊಟ್ಟು. ಹಿಡಿ ಹಿಡಿಯಾಗಿ ಎರಚಬೇಕು, ಎರಚಿದಷ್ಟೂ ಅದು ತನ್ನದನ್ನು ಉದುರಿಸುತ್ತದೆ: ಕಳೆ ತೆಗೆಯುವ ಹೆಂಗಸರ ಅರ್ಧ ಸಾಲು ಹಾಡು, ಕಪ್ಪೆ, ದೂರದ ಪಂಪ್‌ಸೆಟ್ಟು, ಯಾರನ್ನೋ ಯಾರೋ ಬದುವಿನಿಂದ ಊಟಕ್ಕೆ ಕೂಗಿದ್ದು. ಆ ಚೂರುಗಳ ನಡುವೆಯೇ ನಾನು ಬೆಳೆದೆ. ಭಟ್ಟಿ ಮನೆಯ ಮಕ್ಕಳ ಕೈ ಯಾವಾಗಲೂ ಬಿಸಿ. ಶಾಲೆಯಲ್ಲಿ ಚಳಿಗಾಲದಲ್ಲಿ ಹುಡುಗಿಯರು ನನ್ನ ಪಕ್ಕ ಕೂರಲು ಜಗಳವಾಡುತ್ತಿದ್ದರು. ಅವ್ವ ದಿನಾ ಸಂಜೆ ನನ್ನ ಅಂಗಾಲು ಮುಟ್ಟಿ ನೋಡುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಎಲ್ಲರ ಅವ್ವಂದಿರೂ ಹೀಗೆ ಮುಟ್ಟಿ ನೋಡುತ್ತಾರೆ ಅಂದುಕೊಂಡಿದ್ದೆ.

ಅಪ್ಪ ಬುಡೇನಸಾಬ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಜ್ವರ ಬಂದಿತ್ತು, ಮೂರೇ ದಿನ ಅಂತ ಹೇಳುತ್ತಾರೆ. ಅವನ ಹೊಗೆ ಬಣ್ಣದ ಬನಿಯನ್ನು ನೆನಪಿದೆ, ಮೊಣಕೈ ಮೇಲಿನ ಸುಟ್ಟ ಗಾಯ ನೆನಪಿದೆ, ಹೆಗಲ ಮೇಲಿಂದ ನೋಡಿದ ರಸ್ತೆ ನೆನಪಿದೆ. ಧ್ವನಿ ಮಾತ್ರ ಇಲ್ಲ. ಎಷ್ಟು ತಡಕಾಡಿದರೂ ಅಪ್ಪ ಬಾಯಿ ತೆರೆಯುತ್ತಾನೆ, ಒಳಗಿನಿಂದ ಏನೂ ಬರುವುದಿಲ್ಲ.

ಭಟ್ಟಿಯ ಮುಂದೆ, ರಸ್ತೆಯ ಅಂಚಿಗೆ, ಒಂದು ಹೊಂಗೆ ಮರವಿತ್ತು. ಅದರ ಕೆಳಗೊಂದು ಚಪ್ಪಡಿ. ಮಧ್ಯಾಹ್ನ ಬೆಂಕಿ ಇಳಿಸಿ ಅಪ್ಪ ಅವ್ವ ಅಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರು, ಅದಕ್ಕೆ ಊಟದ ಕಲ್ಲು ಎಂದು ಹೆಸರು. ಅಪ್ಪ ಹೋದಮೇಲೆ ಅವ್ವ ಆ ಮರದ ಬಿದ್ದ ಕಡ್ಡಿಯನ್ನೂ ಒಲೆಗೆ ಇಟ್ಟವಳಲ್ಲ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲೂ ಹೊಟ್ಟನ್ನು ಕೊಂಡೇ ತಂದಳು. ಮನೆ ಮುಂದೆ ಮರ ಇಟ್ಟುಕೊಂಡು ಹೊಟ್ಟು ಕೊಳ್ಳುತ್ತಾಳಲ್ಲ ಎಂದು ಬೀದಿಯವರು ಆಡಿಕೊಂಡರು. ಅವಳು ಉತ್ತರ ಕೊಡಲಿಲ್ಲ. ಮೊದಲು ಅವಳು ಹೀಗಿರಲಿಲ್ಲವಂತೆ. ಬೀದಿಯ ಮುದುಕಿಯರು ಹೇಳುತ್ತಿದ್ದರು: ಉರುವಲಿನ ಲೆಕ್ಕ ಅಂದರೆ ಮಾಬವ್ವ, ಯಾವ ತಿಂಗಳು ಹೊಟ್ಟು, ಯಾವ ತಿಂಗಳು ಇದ್ದಿಲು, ಯಾವುದಕ್ಕೆ ಎಷ್ಟು ಬೀಳುತ್ತದೆ ಎಂದು ಬೆರಳ ತುದಿಯಲ್ಲಿ ಎಣಿಸಿ ಹೇಳುವಳು, ಬೀದಿಯ ಒಲೆಗಳೆಲ್ಲ ಅವಳ ಬಾಯಿ ನೋಡಿಕೊಂಡು ಉರಿಯುತ್ತಿದ್ದವು ಎಂದು. ನಾನು ಕಂಡ ಅವ್ವನಿಗೂ ಆ ಮಾತಿಗೂ ತಾಳೆಯೇ ಇರಲಿಲ್ಲ.

ನನಗೆ ಒಂಬತ್ತಾದಾಗ ರಸ್ತೆ ಅಗಲವಾಯಿತು. ಮರ ಉರುಳಿಸಿದರು, ಹರಾಜಿನಲ್ಲಿ ಕೊಟ್ರಪ್ಪ ಹಿಡಿದ. ಅವ್ವ ನನ್ನ ಕೈ ಹಿಡಿದುಕೊಂಡು ಡಿಪೋಗೆ ಹೋದಳು. ಕಡಿದು ಹಾಕಿದ ರಾಶಿಯಲ್ಲಿ ಹುಡುಕಿ ಹುಡುಕಿ ಒಂದು ಕೊಂಬೆಯ ಮುಂದೆ ನಿಂತಳು. ಊಟದ ಕಲ್ಲಿನ ಮೇಲೆ ಚಾಚಿಕೊಂಡಿದ್ದ ಕೊಂಬೆ, ನಾನು ಜೋಕಾಲಿ ಕಟ್ಟಿದ್ದ ಹಗ್ಗದ ಗುರುತು ಅದರ ಮೇಲಿತ್ತು. ಅದರಲ್ಲಿ ಒಂದು ಮಾರು ಸಾಕು ಅಂದಳು. ಕೊಟ್ರಪ್ಪ ರೇಟು ಹೇಳಿದ. ಅವ್ವ ಕಿವಿಯಿಂದ ಬೆಂಡೋಲೆ ಬಿಚ್ಚಿದಳು. ಅವನು ಅಂಗೈಯಲ್ಲಿ ತೂಗಿ ನೋಡಿ ಜೇಬಿಗೆ ಹಾಕಿಕೊಂಡ. ಕೆಟ್ಟವನಲ್ಲ, ವ್ಯಾಪಾರಿ. ಉಳಿದದ್ದಕ್ಕೆಲ್ಲ "ಭಟ್ಟಿ ಮರ" ಎಂದು ತಗಡು ಸಿಕ್ಕಿಸಿದ.

ಆಮೇಲೆ ಎರಡು ತಿಂಗಳು ನಮ್ಮಪ್ಪ ಊರ ಒಲೆಗಳಲ್ಲಿದ್ದ. ತರಗತಿಯಲ್ಲಿ ನಾಗವೇಣಿ ನನ್ನ ಕಡೆ ಬಗ್ಗಿ, ನಿಮ್ಮಪ್ಪ ನಿನ್ನೆ ನಮ್ಮನೆ ಹಂಡೆ ಒಲೆಯೊಳಗೆ ಕೆಮ್ಮಿದ ಕಣೇ ಎಂದಳು. ಟೈಲರ್ ಮನೆಯಾಕೆ, ನಿಮ್ಮಪ್ಪ ಎಷ್ಟು ಚೆನ್ನಾಗಿ ನಗುತ್ತಾನೆ, ನಮಗೆ ಗೊತ್ತೇ ಇರಲಿಲ್ಲ ಎಂದಳು. ಕೊಟ್ರಪ್ಪನೇ ಒಂದು ದಿನ ದಾರಿಯಲ್ಲಿ ನಿಲ್ಲಿಸಿ, ಅವನು ಸೀನಿದ್ದು ಕೇಳಿದೆ ಕಣಮ್ಮ, ಥೇಟ್ ಅವನೇ, ಎಂದು ಖುಷಿಯಿಂದ ಹೇಳಿದ. ಶಾಲೆ ಬಿಟ್ಟ ಕೂಡಲೇ ನಾನು ಹೊಗೆ ಕಂಡ ಮನೆಗೆ ಓಡುತ್ತಿದ್ದೆ. ಹೋಗುವಷ್ಟರಲ್ಲಿ ಬೂದಿ. ಒಬ್ಬ ಪುಣ್ಯಾತಗಿತ್ತಿ ನನ್ನನ್ನು ಒಲೆ ಮುಂದೆ ಕೂರಿಸಿಕೊಂಡು ಇದ್ದ ಎರಡು ಕೊರಡನ್ನೂ ನನ್ನೆದುರೇ ಉರಿಸಿದಳು. ಬಂದದ್ದು ಲಾರಿ ಹಾರ್ನು, ನಾಯಿ ಜಗಳ, ಗೋಣಿಚೀಲಕ್ಕೆ ಚೌಕಾಸಿ ಮಾಡುವ ಯಾರೋ ಹೆಂಗಸು. ರಸ್ತೆ ಕಡೆಯ ಕೊಂಬೆ ಅದು. ಆಕೆ ನನ್ನ ಕೈಗೆ ಬೆಲ್ಲದ ಚೂರು ಕೊಟ್ಟು ಕಳಿಸಿದಳು. ಊರೆಲ್ಲ ಕೇಳಿತು, ನಾನು ಕೇಳಲಿಲ್ಲ.

ಅವ್ವ ತಂದ ಕೊಂಬೆ ಗೋಣಿಯಲ್ಲಿ ಸುತ್ತಿಸಿಕೊಂಡು ಅವಳ ಮಂಚದ ಕೆಳಗೆ ಮಲಗಿತು. ಹತ್ತನೇ ವಯಸ್ಸಿನಲ್ಲಿ ಕೇಳಿದೆ, ಮೈನೆರೆದಾಗ ಕೇಳಿದೆ, ಮದುವೆಯ ಹಿಂದಿನ ದಿನ ಅತ್ತು ಕೇಳಿದೆ. ಪ್ರತಿ ಸಲವೂ ಒಂದೇ ಮಾತು: "ಅದರಾಗೆ ಏನೂ ಇಲ್ಲ, ಬೀಬಿ." ಏನೂ ಇಲ್ಲದ್ದಕ್ಕೆ ಯಾರಾದರೂ ಬೆಂಡೋಲೆ ಕೊಡುತ್ತಾರೆಯೇ. ಆ ಕಿವಿಗಳು ಇವತ್ತಿಗೂ ಬೋಳು. ಅವರಿಬ್ಬರ ನಡುವೆ ಏನೋ ಕೆಟ್ಟ ಜಗಳ ಆಗಿರಬೇಕು, ಅದನ್ನು ನನ್ನಿಂದ ಮುಚ್ಚಿಡುತ್ತಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಅವಳ ಮೇಲೆ ಒಂದು ಸಣ್ಣ ಕೋಪ ಇಟ್ಟುಕೊಂಡೇ ದೊಡ್ಡವಳಾದೆ, ಭಟ್ಟಿ ಕೈಗೆ ತೆಗೆದುಕೊಂಡೆ, ತಾಯಿಯೂ ಆದೆ. ನನ್ನ ಗಂಡ ಲಗೇಜ್ ಆಟೊದಲ್ಲಿ ಮಂಡಕ್ಕಿ ಚೀಲ ತುಂಬಿಕೊಂಡು ಊರೂರು ತಿರುಗುತ್ತಾನೆ. ಮಗಳು ಮುಬೀನಾಗೆ ಎಂಟು. ಸಂಜೆ ಅವಳ ಅಂಗಾಲು ಮುಟ್ಟಿ ನೋಡುವವಳೂ ಅವ್ವನೇ.

ಈ ವರ್ಷ ಭಟ್ಟಿಗಳಿಗೆಲ್ಲ ಒಂದು ಕಾಗದ ಬಂತು. ಹೊಟ್ಟಿನ ಹೊಗೆ ಇನ್ನು ಸಾಕು, ಎರಡು ತಿಂಗಳೊಳಗೆ ಗ್ಯಾಸಿಗೋ ಕರೆಂಟಿಗೋ ಬದಲಾಯಿಸಿ ಎಂದು. ನಾನು ಕೆಲಸ ಮುಗಿದ ಮೇಲೆ ಮುಬೀನಾಳ ಹಳೆಯ ನೋಟುಬುಕ್ಕಿನಲ್ಲಿ ಗೀಟು ಎಳೆದು ಲೆಕ್ಕ ಹಾಕತೊಡಗಿದೆ. ಕರೆಂಟಿನ ಯಂತ್ರ ದುಬಾರಿ, ಅದು ಉರಿಯುವಾಗ ಯಾವುದೋ ಅಣೆಕಟ್ಟಿನ ನೀರು ಧೋ ಎಂದು ಬೀಳುವ ಸದ್ದು, ಕರೆಂಟು ಹೋದರೆ ಅದೂ ನಿಂತು ಮಂಡಕ್ಕಿಯೂ ನಿಲ್ಲುತ್ತದೆ. ಗ್ಯಾಸು ಹಗುರ, ಚೊಕ್ಕ. ಆದರೆ ಅದಕ್ಕೆ ಸ್ಸ್ ಬಿಟ್ಟರೆ ಏನೂ ಬಾರದು, ನಮ್ಮ ಹೆಂಗಸರು ಅದನ್ನು ಮೂಗ ಎಂದೇ ಕರೆಯುವುದು. ಅಂಕಿಗಳು ಒಂದು ದಿನ ಒಂದು ಕಡೆ ವಾಲುತ್ತಿದ್ದವು, ಮರುದಿನ ಇನ್ನೊಂದು ಕಡೆ. ಅವ್ವನನ್ನು ಕೇಳಿದರೆ, ನಿನಗೆ ತಿಳಿದಂಗೆ ಮಾಡು ಎಂದು ಎದ್ದು ಹೋಗುತ್ತಿದ್ದಳು. ಮೂರು ವರ್ಷದ ಹಿಂದೆ ರಸ್ತೆ ಬದಿಗೆ ಹೊಸದಾಗಿ ಹೊಂಗೆ ಸಸಿಗಳನ್ನು ನೆಟ್ಟಿದ್ದರು. ಒಂದು ನಮ್ಮ ಭಟ್ಟಿಯ ಮುಂದೆ, ಊಟದ ಕಲ್ಲು ಆಗ ಇದ್ದ ಜಾಗಕ್ಕೆ ನಾಲ್ಕು ಹೆಜ್ಜೆ. ಅದು ನನ್ನ ತಲೆ ಮೀರಿ ಬೆಳೆದು ನಿಂತಿತ್ತು. ಅದರ ಹತ್ತಿರ ಹೋದಾಗಲೆಲ್ಲ ಅವ್ವ ತುಟಿ ಬಿಗಿ ಹಿಡಿಯುತ್ತಿದ್ದದ್ದನ್ನು ಗಮನಿಸಿದ್ದೆ.

ಒಂದು ಗುರುವಾರ ಮುಬೀನಾ ಚೆಂಡು ಹುಡುಕುತ್ತಾ ಮಂಚದ ಕೆಳಗೆ ನುಗ್ಗಿ, ಅಮ್ಮಾ, ಅಜ್ಜಿ ಕಟ್ಟಿಗೆ ಮಣ್ಣಾಗೈತೆ ಎಂದಳು. ಗೋಣಿ ಎಳೆದೆ. ಗೆದ್ದಲು. ತೊಗಟೆಯ ಮೇಲೆಲ್ಲ ಮಣ್ಣಿನ ದಾರಿ ಹಿಡಿದಿತ್ತು, ಬೆರಳಿನಿಂದ ತಟ್ಟಿದರೆ ಒಳಗೆ ಪೊಳ್ಳು ಸದ್ದು. ಹೊರಗಿನ ಎರಡು ಬೆರಳಿನಷ್ಟು ಆಗಲೇ ಹೋಗಿತ್ತು. ಇನ್ನು ಹದಿನೈದು ದಿನ ಬಿಟ್ಟರೆ ಒಳಗೂ ಏನೂ ಉಳಿಯುವುದಿಲ್ಲ. ನಾಳೆ ಶುಕ್ರವಾರ, ಭಟ್ಟಿಗೆ ರಜ, ನಾಳೆಯೇ ಉರಿಸಿಬಿಡೋಣ ಎಂದೆ.

"ಗೆದ್ದಲು ತಿನ್ಲಿ ಬಿಡು," ಅಂದಳು ಅವ್ವ.

"ಗೆದ್ದಲಿಗೆ ಕೊಡ್ತೀಯ, ನನಗೆ ಕೊಡಲ್ಲ. ನಾಗವೇಣಿ ಮನೆ ಹಂಡೆ ಕೇಳ್ತು. ಟೈಲರ್ ಮನೆ ಮುದ್ದೆ ಕೇಳ್ತು. ನಮ್ಮಪ್ಪನ ದನಿ ಈ ಊರಾಗೆ ಕೇಳದೋಳು ನಾನೊಬ್ಬಳೇ."

ನನ್ನ ಗಂಟಲು ಏರಿದ್ದಕ್ಕೆ ಮುಬೀನಾ ಚೆಂಡನ್ನು ಎದೆಗವಚಿಕೊಂಡು ಬಾಗಿಲಿಗೆ ಸರಿದಳು. ಅವ್ವ ಮಂಚದ ತುದಿಗೆ ಕೂತಳು. ಸೆರಗಿನಿಂದ ಕೊಂಬೆಯ ಮೇಲಿನ ಮಣ್ಣನ್ನು ಒರೆಸತೊಡಗಿದಳು, ಮಗುವಿನ ಮುಖ ಒರೆಸುವ ಹಾಗೆ. ಆಮೇಲೆ ಹೇಳಿದಳು. ನನ್ನ ಇಷ್ಟು ವಯಸ್ಸಿನಲ್ಲಿ ಅವಳು ಒಂದೇ ಸಮನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಪ್ಪ ಮಾತಿನವನಲ್ಲವಂತೆ. ಊಟದ ಕಲ್ಲಿನ ಮೇಲೆ ಮಾತೆಲ್ಲ ಇವಳದು, ಹೊಟ್ಟಿಗೆ ಇಷ್ಟು, ಸೌದೆಗೆ ಅಷ್ಟು, ಯಾವುದರಿಂದ ಎಷ್ಟು ಉಳಿತಾಯ ಎಂದು. ಅವನು ಬರೀ ಹೂಂಗುಡುತ್ತಿದ್ದ. ಆ ಕಡೆಯ ದಿನವೂ ಹಾಗೇ. ರೊಟ್ಟಿ ಕೊಡುವಾಗ ಅವನ ಕೈ ತಾಗಿತು, ಕೆಂಡದ ಹಾಗೆ ಸುಡುತ್ತಿತ್ತು.

"ಭಟ್ಟಿ ಮುಂದೆ ಕುಂತು ಬಂದೋನ ಕೈ, ಸುಡದೆ ಇರ್ತದಾ ಅಂದ್ಕಂಡೆ," ಅಂದಳು. "ಮೈಗೆ ಹುಷಾರಿಲ್ವಾ ಅಂತ ಒಂದು ಮಾತು ಕೇಳಲಿಲ್ಲ. ಅವತ್ತು ಹೊಟ್ಟಿಗೆ ಎರಡು ರೂಪಾಯಿ ಏರಿತ್ತು, ಅದನ್ನೇ ಬಡಕಂಡೆ. ಸಂಜೆ ಮಲಗಿದೋನು ಏಳಲಿಲ್ಲ. ಇದರಾಗೆ ಇರೋದು ಅದೇ, ಬೀಬಿ. ನಿಮ್ಮಪ್ಪನಿಗೆ ಜ್ವರ ಬಂದು ಸುಡ್ತಿದ್ದಾಗ ನಿಮ್ಮವ್ವ ಹೊಟ್ಟಿನ ರೇಟು ಹೇಳ್ತಿದ್ಲು. ಅದನ್ನ ನಿನ್ನ ಕಿವಿಯಾರೆ ಕೇಳಬೇಕಾ?"

ಇಷ್ಟು ವರ್ಷ ಅವಳು ಅಂಗಾಲು ಯಾಕೆ ಮುಟ್ಟುತ್ತಿದ್ದಳು ಎಂದು ಆಗ ಗೊತ್ತಾಯಿತು. ಭಟ್ಟಿಯ ಕಾವು ಕೈಗೆ ಬರುತ್ತದೆ, ಮುಖಕ್ಕೆ ಬರುತ್ತದೆ, ಅಂಗಾಲಿಗೆ ಬರುವುದಿಲ್ಲ. ಅಂಗಾಲು ಬಿಸಿಯಾದರೆ ಅದು ಜ್ವರ. ಅವಳು ಅದನ್ನು ತಡವಾಗಿ ಕಲಿತಿದ್ದಳು. ಬೇಡ ಬಿಡವ್ವ ಎಂದು ಹೇಳಿ ಗೋಣಿಯನ್ನು ಮತ್ತೆ ಸುತ್ತಿಟ್ಟೆ. ಹೇಳಿದೆನೇ ಹೊರತು, ಒಳಗೆ ಬೇಕು ಬೇಕು ಅನ್ನುತ್ತಲೇ ಇತ್ತು. ಅವಳ ಹೊಟ್ಟಿನ ರೇಟಿದ್ದರೂ ಸರಿ, ಅಪ್ಪನದೊಂದು ಹೂಂ ಸಿಕ್ಕಿದರೆ ಸಾಕು ಅನ್ನಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವ್ವನೇ ಕೊಂಬೆಯನ್ನು ಎಳೆದುಕೊಂಡು ಭಟ್ಟಿಗೆ ಬಂದಳು. ಹಂಡೆ ತಾ ಎಂದಳು. ನಮ್ಮೂರಲ್ಲಿ ಬರೀ ಕೇಳುವುದಕ್ಕೆಂದು ಬೆಂಕಿ ಹಚ್ಚಬಾರದು, ಅದರ ಮೇಲೆ ಏನಾದರೂ ಬೇಯಬೇಕು, ಕಾಯಬೇಕು. ಮಂಡಕ್ಕಿ ಹುರಿಯೋಣವಾ ಎಂದು ಮುಬೀನಾ ಕೇಳಿದಳು. ಅದರ ಚಟಪಟದಲ್ಲಿ ಒಂದು ಮಾತೂ ಕೇಳಿಸುವುದಿಲ್ಲ, ನೀರಿಡೋಣ, ನಿನ್ನ ತಲೆಸ್ನಾನಕ್ಕೆ ಆಯಿತು, ಎಂದಳು ಅವ್ವ. ಭಟ್ಟಿಯ ಬಾಯಿಗೆ ಹಂಡೆ ಇಟ್ಟೆವು. ಹೊಟ್ಟು ಗುಡಿಸಿ ಒಂದು ಹಿಡಿಯೂ ಉಳಿಯದ ಹಾಗೆ ತೆಗೆದೆವು, ಮಾತಿಗೆ ಮಾತು ಬೆರೆಯಬಾರದಲ್ಲ. ಅವ್ವ ಕಡ್ಡಿ ಗೀರಿದಳು. ಎರಡು ಕಡ್ಡಿ ಹಾಳಾದವು, ಮೂರನೆಯದು ಹತ್ತಿತು.

ಮರ ಹೊರಗಿನಿಂದ ಒಳಕ್ಕೆ ಉರಿಯುತ್ತದೆ. ಹೊರಗಿನದು ಈಚಿನದು, ಒಳಗಿನದು ಹಳೆಯದು. ಮೊದಲು ಗೆದ್ದಲು ತಿಂದ ಭಾಗ ಹತ್ತಿತು. ಅಪ್ಪ ಹೋದಮೇಲೆ ಮರ ನಿಂತಿದ್ದ ಐದು ವರ್ಷ ಅದರಲ್ಲಿತ್ತು, ಅವ್ವ ಮಾತು ಬಿಟ್ಟಿದ್ದ ವರ್ಷಗಳು. ಸರಸರ ಎಂಬ ಧೂಳಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ ಗಟ್ಟಿ ಮರಕ್ಕೆ ಉರಿ ಮುಟ್ಟಿತು. ತಟ್ಟೆ ಕಲ್ಲಿನ ಮೇಲೆ ಇಟ್ಟ ಸದ್ದು. ಬಳೆ. ಆಮೇಲೆ ಒಬ್ಬ ಹೆಂಗಸಿನ ಧ್ವನಿ, ಚುರುಕಾಗಿ, ಉಸಿರು ಬಿಡದೆ. ಅದು ಅವ್ವ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹೊಟ್ಟು ಚೀಲಕ್ಕೆ ಹನ್ನೆರಡು ಮಾಡ್ಯಾರೆ, ನಿನ್ನೆ ಹತ್ತಿತ್ತು. ದಿನಕ್ಕೆ ಆರು ಚೀಲ. ಹನ್ನೆರಡು ರೂಪಾಯಿ ಸುಮ್ಸುಮ್ನೆ ಹೋಯ್ತಲ್ಲ."

"ಹೂಂ."

ನಾನು ಹಂಡೆಯ ಅಂಚನ್ನು ಹಿಡಿದುಕೊಂಡಿದ್ದೆ, ಬಿಸಿಯಾಗಿದ್ದು ಗೊತ್ತಾಗಲಿಲ್ಲ. ಅದು ದಪ್ಪ ದನಿಯೂ ಅಲ್ಲ, ತೆಳು ದನಿಯೂ ಅಲ್ಲ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡವನ, ಮೂಗಿನಿಂದ ಬಂದ ಹೂಂ.

"ಬಸ್‌ಸ್ಟ್ಯಾಂಡ್ ಮರದಾಗೆ ಅರ್ಧಕ್ಕರ್ಧ ಉಳೀತದೆ. ಆದ್ರೆ ಆ ಬೈಗುಳದಾಗೆ ಮಗೀನ ಹೆಂಗೆ ಬೆಳೆಸೋದು?"

"ಹೂಂ." ಈ ಸಲ ಅದರಲ್ಲಿ ನಗು ಇತ್ತು.

"ಶೇಂಗಾ ಸಿಪ್ಪೆಯಂತೂ ಕೇಳೋದೇ ಬ್ಯಾಡ. ಇಗಾ, ಇನ್ನೊಂದು ರೊಟ್ಟಿ ಹಿಡಿ." ಸ್ವಲ್ಪ ತಡೆದು, "ಕೈ ಯಾಕೆ ಹಿಂಗೆ ಸುಡ್ತೈತೆ ನಿಂದು?"

ಅವ್ವ ಕೊಂಬೆಯನ್ನು ಮುಂದಕ್ಕೆ ನೂಕಲೆಂದು ಚಾಚಿದ್ದ ಕೈ ಅಲ್ಲೇ ನಿಂತಿತು.

"ಭಟ್ಟಿ ಕಾವು ಕಣೇ," ಎಂದಿತು ಗಂಡಸಿನ ದನಿ.

"ಭಟ್ಟಿ ಕಾವು ಇಷ್ಟಿರ್ತದಾ?"

"ಏನಾಗಿಲ್ಲ. ನೀ ಲೆಕ್ಕ ಹೇಳು. ನೀ ಹೇಳ್ತಿದ್ರೆ ಕೇಳಾಕೆ ಚೆಂದ."

ಆಮೇಲೆ ಅವ್ವನ ಹಳೆಯ ದನಿ ಮತ್ತೆ ಇದ್ದಿಲಿಗೆ ಬಂತು, ಇದ್ದಿಲಿನಿಂದ ಕಲ್ಲಿದ್ದಲಿಗೆ ಹೋಯಿತು. ನಾನು ಕೇಳಿಸಿಕೊಳ್ಳಲಿಲ್ಲ. ಅವ್ವನನ್ನು ನೋಡುತ್ತಿದ್ದೆ. ಅವಳು ಬೆಂಕಿಯನ್ನು ನೋಡುತ್ತಾ, ಯಾರಿಗೋ ಸಾಕ್ಷಿ ಹೇಳುವವಳ ಹಾಗೆ, ನಾನು ಕೇಳಿದ್ದೆ ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಬೀಬಿ, ನಾ ಕೇಳಿದ್ನಲ್ಲೇ."

"ನೀ ಕೇಳಿದ್ದೆ ಕಣವ್ವ," ಅಂದೆ.

ಅವಳು ಅಳಲಿಲ್ಲ. ಕೊಂಬೆಯನ್ನು ಮುಂದಕ್ಕೆ ನೂಕಿದಳು.

ಉರಿ ಒಳಕ್ಕೆ ಇಳಿದ ಹಾಗೆಲ್ಲ ದಿನಗಳು ಹಿಂದಕ್ಕೆ ಹೋದವು, ರೇಟುಗಳು ಇಳಿಯುತ್ತಾ ಬಂದವು. ಹೊಟ್ಟು ಹತ್ತಾಯಿತು, ಎಂಟಾಯಿತು. ಒಂದು ಮಗು ರಚ್ಚೆ ಹಿಡಿದು ಅತ್ತಿತು, ಅಪ್ಪ ಅದನ್ನು ಪುಟಾಣಿ ಎಂದು ಕರೆದ, ಮಂಡಕ್ಕಿ ಜೊತೆ ಕಲಸೋ ಪುಟಾಣಿ ಇದು, ಯಾರಿಗೂ ಮಾರಲ್ಲ ಎಂದ. ಅದು ನಾನು ಎಂದು ಹೇಳಿದಾಗ ಮುಬೀನಾ ನಂಬಲಿಲ್ಲ. ಹೊಟ್ಟು ಆರಾದಾಗ ನಾನು ಇರಲಿಲ್ಲ. ಸೀಮೆಎಣ್ಣೆ ಲೀಟರಿಗೆ ರೂಪಾಯಿ ಚಿಲ್ಲರೆಗೆ ಇಳಿದಾಗ ಅವ್ವನ ದನಿಯಲ್ಲಿ ಚುರುಕು ಕಡಿಮೆಯಾಗಿ ಒಂದು ಹಿಂಜರಿಕೆ ಬಂತು. ಲೆಕ್ಕದ ಮಧ್ಯೆ ತಪ್ಪುತ್ತಿದ್ದಳು, ಅವನು ತಿದ್ದುತ್ತಿದ್ದ. ಇನ್ನೂ ಒಳಕ್ಕೆ ಹೋದಾಗ ಅವಳ ಮಾತು ಪೂರ್ತಿ ನಿಂತುಹೋಯಿತು. ಮಾತಾಡುತ್ತಿದ್ದವನು ಅವನು. ಹೊಸ ಹೆಂಡತಿಗೆ ಉರುವಲಿನ ಲೆಕ್ಕ ಹೇಳಿಕೊಡುತ್ತಿದ್ದ.

"ನೋಡು ಮಾಬೂ, ಹೊಟ್ಟು ಮೂರು ರೂಪಾಯಿ, ಶೇಂಗಾ ಸಿಪ್ಪೆ ಒಂಬತ್ತು. ಕಾವು ನೋಡಿದ್ರೆ ಸಿಪ್ಪೆದೇ ಜಾಸ್ತಿ, ಚೀಲ ಅರ್ಧಕ್ಕೆ ಇಳೀತದೆ. ಹಂಗಾದ್ರೂ ದುಬಾರಿನೇ. ಅದು ದುಡ್ಡಿನ ಮಾತು. ಅದು ಬಿಟ್ಟು ಇನ್ನೊಂದೈತೆ. ಬೆಳಗಿಂದ ಒಂದು ಮಾತೂ ಆಡದ ಬೆಂಕಿ ಮುಂದೆ ಕುಂತ್ರೆ ಮನುಷ್ಯ ಏನಾಗ್ಬೇಕು? ಆ ಖರ್ಚು ಯಾರೂ ಹಿಡಿಯಲ್ಲ. ನನಗೆ ಹೊಟ್ಟೇ ಸರಿ. ಅರ್ಧರ್ಧ ಹಾಡಾದ್ರೂ ಹಾಡ್ತದೆ. ತಿಳೀತಾ?"

"ಹೂಂ," ಎಂದಿತು, ಬಳೆಗಿಂತ ಸಣ್ಣಗೆ, ಹದಿನೇಳರ ಅವ್ವನ ದನಿ.

ಆಮೇಲೆ ಎಲೆಗಳ ಸದ್ದು ಅಷ್ಟೇ. ಬೆರಳು ಗಾತ್ರದ ಕೊಂಬೆಯಾಗಿದ್ದಾಗ ಅದಕ್ಕೆ ಯಾರ ಪರಿಚಯವೂ ಇರಲಿಲ್ಲ. ಒಂದು ಗುಬ್ಬಿ ಕೂಗಿತು, ಬೂದಿಯಾಯಿತು. ಹಂಡೆಯ ನೀರು ಮರಳುತ್ತಿತ್ತು.

ಮುಬೀನಾಳ ತಲೆಗೆ ಆ ನೀರನ್ನು ಅವ್ವನೇ ಹಾಕಿದಳು. ಅಜ್ಜನ ಮಾತಿನ ನೀರು ಅಂದಾಗ ಹುಡುಗಿ ಕಣ್ಣು ಮುಚ್ಚಿ, ಕಿವಿಯೊಳಗೂ ಹಾಕು ಎಂದಳು. ಸೀಗೆಕಾಯಿ ಕಣ್ಣಿಗಿಳಿದು ಕಿರುಚಿದಳು. ಹಂಡೆಯ ತಳದಲ್ಲಿ ಒಂದು ಚೊಂಬು ಉಳಿದಿತ್ತು, ಅದನ್ನು ನಾನು ಕಾಲಿಗೆ ಹುಯ್ದುಕೊಂಡೆ.

ಮಧ್ಯಾಹ್ನ ಅವ್ವ, ಊಟದ ಕಲ್ಲನ್ನು ಈ ಕಡೆ ಸರಿಸೋಣ ಬಾ ಎಂದಳು. ಇಬ್ಬರೂ ಸೇರಿ ಹಾರೆ ಹಾಕಿ ಮೀಟಿ ಮೀಟಿ ಅದನ್ನು ಆ ಹೊಸ ಹೊಂಗೆಯ ನೆರಳಿಗೆ ತಂದೆವು. ನೆರಳು ಇನ್ನೂ ಒಬ್ಬರಿಗೆ ಸಾಕಾಗುವಷ್ಟೇ ಇತ್ತು, ಅದರಲ್ಲಿ ಮುಬೀನಾಳನ್ನು ಕೂರಿಸಿದೆವು. ರೊಟ್ಟಿ ಬಿಚ್ಚಿದೆವು. ನನ್ನ ಪಕ್ಕದಲ್ಲಿದ್ದ ನೋಟುಬುಕ್ಕನ್ನು ಅವ್ವ ಎತ್ತಿ ನೋಡಿ, ಓದು ಬಾರದವಳಾದ್ದರಿಂದ ಮಡಿಲಲ್ಲಿಟ್ಟುಕೊಂಡಳು.

"ಗ್ಯಾಸು ಸಿಲಿಂಡರಿಗೆ ಎಷ್ಟೈತೆ ಈಗ?"

ಹೇಳಿದೆ. ದಿನಕ್ಕೆ ಎಷ್ಟು ಬೇಕಾಗುತ್ತದೆ ಎಂದೂ ಹೇಳಿದೆ. ಅವಳು ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ಓಡಿಸಿದಳು. ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ. ಕರೆಂಟಿಗೆ ಹೋದಳು, ಯಂತ್ರದ ಸಾಲಕ್ಕೆ ಹೋದಳು, ಕರೆಂಟು ಹೋದ ದಿನಗಳ ನಷ್ಟ ಹಿಡಿದಳು, ಹೊಟ್ಟಿನ ಹೊಗೆಯಲ್ಲಿ ಕೆಮ್ಮುವ ನನ್ನ ಎದೆಯನ್ನೂ ಒಂದು ಖರ್ಚೆಂದು ಹಿಡಿದಳು. ನಾನು ಎರಡು ವಾರದಿಂದ ಗೀಟೆಳೆದು ಅಳಿಸಿದ್ದು ಅವಳ ಬೆರಳಿನಲ್ಲಿ ಎರಡು ರೊಟ್ಟಿ ಮುಗಿಯುವಷ್ಟರಲ್ಲಿ ಮುಗಿಯಿತು.

"ಗ್ಯಾಸೇ ಅಗ್ಗ ಬೀಳ್ತದೆ," ಅಂದಳು. "ಆದ್ರೆ ಮೂಗ. ಅದರ ಮುಂದೆ ಕುಂತ್ರೆ ಇನ್ಮೇಲೆ ಮಾತೆಲ್ಲ ನಾವೇ ಆಡ್ಬೇಕಾಗ್ತದೆ."

ನನ್ನ ಬಾಯಲ್ಲಿ ರೊಟ್ಟಿ ಇತ್ತು.

"ಹೂಂ," ಅಂದೆ.